ತಟ್ಟೆಗೆ ಬಡಿಸುವವರು ಯಾರು?

(ದುಬೈಯಲ್ಲಿ ಕನ್ನಡ ಬರಹಗಾರರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಸಾಹಿತ್ಯದ ಸಭೆಯಲ್ಲಿ ಮಧುಮೇಹದ ಮಾತೇಕೆ ಎಂದು ಕೆಲವರು ಈಗಾಗಲೇ ಹುಬ್ಬೇರಿಸಿದ್ದೀರಿ. ನಾನು ವೈದ್ಯನಲ್ಲ, 11 ವರ್ಷಗಳಿಂದ ಈ ಕಾಯಿಲೆಯೊಡನೆ ಬಾಳುತ್ತಿರುವ ಒಬ್ಬ ಲೆಕ್ಕಪತ್ರದ ನೌಕರ. ಅನ್ನ ಅರ್ಧಕ್ಕಿಳಿಸಿ, ಕಾಳು ತರಕಾರಿ ಹೆಚ್ಚಿಸಿ ಎಂದು ವೈದ್ಯರು ಹೇಳಿದರು, ಹಾಗೆಯೇ ಮಾಡಿದೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಅಂಕಿ 9ರಿಂದ 7ರ ಸಮೀಪಕ್ಕೆ ಬಂತು. ಅದು ನನ್ನ ಸಂಯಮದ ಫಲವೆಂದೇ ಬಹುಕಾಲ ಬೀಗುತ್ತಿದ್ದೆ. ನನಗೊಂದು ಅಡುಗೆಮನೆ ಇದೆಯೆಂಬುದು ಲೆಕ್ಕಕ್ಕೇ ಬಂದಿರಲಿಲ್ಲ.

ಆ ಭ್ರಮೆಯನ್ನು ಹರಿದವನು ಕುಂದಾಪುರದ ಕಡೆಯ ಒಬ್ಬ ತಮ್ಮ. ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವವನು. ಅವನಿಗೂ ನನ್ನದೇ ಕಾಯಿಲೆ, ಅದೇ ಉಪದೇಶ. "ತರಕಾರಿ ಜಾಸ್ತಿ ತಿನ್ನಿ ಅಂತಾರೆ ಡಾಕ್ಟ್ರು. ಮೆಸ್ಸಲ್ಲಿ ಅದನ್ನ ಯಾರ ಹತ್ರ ಕೇಳೂದು ಮಾರಾಯ್ರೆ?" ಎಂದ. ಅವನ ಕ್ಯಾಂಪಿಗೆ ಹೋಗಿ ನೋಡಿದೆ. ನಸುಕಿನ ನಾಲ್ಕಕ್ಕೆ ತುಂಬಿಕೊಡುವ ಡಬ್ಬಿಯಲ್ಲಿ ಬಿಳಿ ಅನ್ನ, ನೀರಾದ ಬೇಳೆ, ಎರಡು ಹೋಳು ಆಲೂಗಡ್ಡೆ. ರಾತ್ರಿ ಮತ್ತೆ ಅನ್ನ, ಇಲ್ಲವೇ ಮೈದಾದ ಕುಬ್ಬೂಸ್. ನಡುನಡುವೆ ದೊಡ್ಡ ಪಾತ್ರೆಯಲ್ಲೇ ಸಕ್ಕರೆ ಸುರಿದು ಕುದಿಸಿದ ಚಹಾ.

ಹೆದರಿಕೆಯಿಂದ ಅವನು ಒಂದು ದಿನ ಅನ್ನವನ್ನೇ ಬಿಟ್ಟ, ಮಾತ್ರೆ ಬಿಡಲಿಲ್ಲ. ಹತ್ತು ಗಂಟೆಗೆ ಕೈ ನಡುಗಿ, ಬೆವೆತು, ಕಣ್ಣು ಮಂಜಾಗಿ ಕುಸಿದು ಕೂತ. ಜೊತೆಗಾರರು ಬಿಸಿಲಿನ ಹೊಡೆತವೆಂದು ತಿಳಿದು ನೀರು ಕುಡಿಸಿದರು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಪ್ರಜ್ಞೆ ಇರುವವರೆಗೆ ಆಗ ಬೇಕಾದದ್ದು ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಸಣ್ಣ ಚಮಚ, ನೀರಿನಲ್ಲಿ ಕದಡಿದ್ದು. 15 ನಿಮಿಷದ ಬಳಿಕ ಮತ್ತೆ ಪರೀಕ್ಷೆ. ಇದನ್ನು ಅವನಿಗೆ ಅವನ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸಬಾರದೆಂಬ ನಿಯಮ ಈ ದೇಶದಲ್ಲಿದೆ. ಆ ಬಿಡುವಿನಲ್ಲಿ ಅವನು ತೆರೆಯುವ ಡಬ್ಬಿಯೊಳಗೆ ಏನಿದೆಯೆಂದು ನಾವಾದರೂ ಕೇಳಿದ್ದೇವೆಯೇ?

ಊರಿನಲ್ಲಿ ಅವನ ತಾಯಿ ಉಣ್ಣುತ್ತಿದ್ದುದು ಕೆಂಪು ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಂಗುಡೆ. ಭತ್ತವನ್ನು ಬೇಯಿಸುವಾಗ ತೌಡಿನ ಬಿ ಜೀವಸತ್ವದ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಅದು ಸಾಮಾನ್ಯವಾಗಿ ಬೆಳ್ತಿಗೆಗಿಂತ ನಿಧಾನವಾಗಿ ಅರಗುತ್ತದೆ. ಆದರೂ ನಮ್ಮ ಕರಾವಳಿಯಲ್ಲಿ ಬೆಳ್ತಿಗೆಯ ಊಟವೇ ಮೇಲು, ಕುಚ್ಚಲಕ್ಕಿ ದುಡಿಯುವವರದು. ಧಾನ್ಯಕ್ಕೂ ಜಾತಿಯಿದೆ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಗಿಯನ್ನು ಗೆಲ್ಲಿಸಿದ್ದು ಸುಮ್ಮನೆಯಲ್ಲ. (ಗೆದ್ದ ರಾಗಿ ಇಂದು ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಅಂದದ ಪೊಟ್ಟಣ ಸೇರಿ ಬಡವನ ಕೈಗೆಟುಕದಂತಾಗಿದೆ, ಅದು ಬೇರೆ ಮಾತು.) ರಾಗಿಯಲ್ಲಿ ನಾರು ಹೆಚ್ಚು, ನಿಜ, ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಅರಗಿ ಸಕ್ಕರೆಯನ್ನು ಏರಿಸಬಲ್ಲುದು. ಎರಡು ದೊಡ್ಡ ಮುದ್ದೆ ನುಂಗಿ ಪಥ್ಯ ಮಾಡಿದೆನೆನ್ನುವ ಗೆಳೆಯರಿಗೆ ಈ ಮಾತು. ಮೊದಲು ಕಾಳು, ತರಕಾರಿ. ಆಮೇಲೆ, ಅಳತೆಯಲ್ಲಿ, ಮುದ್ದೆಯೋ ಅನ್ನವೋ.

ಆ ಕೋಣೆಯ ಆರು ಜನ ಈಗ ಏನು ಮಾಡಿದ್ದಾರೆ? ಹೆಸರುಕಾಳನ್ನು ರಾತ್ರಿ ನೆನೆಹಾಕಿ ಒಂದು ಮುಷ್ಟಿ ಡಬ್ಬಿಗೆ ಸೇರಿಸಿಕೊಳ್ಳುತ್ತಾರೆ, ಸೌತೆಕಾಯಿ ಕೊಳ್ಳುತ್ತಾರೆ. ಚಹಾದ ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಡಿ ಎಂದು ಮೆಸ್ಸಿನವರನ್ನು ಕೇಳಿದರು. ಮೊದಲು ನಕ್ಕರು; ಕಾಯಿಲೆ ಇಲ್ಲದವರೂ ಜೊತೆಗೆ ನಿಂತಾಗ ಒಪ್ಪಿದರು. ವಾರಕ್ಕೆ ಮೂರು ದಿನ ಕಡಲೆ ಅಥವಾ ಮೊಟ್ಟೆ, ದಿನವೂ ಒಂದು ಹಸಿರು ಪಲ್ಯ ಎಂಬ ಬೇಡಿಕೆಗೆ ಮಾತ್ರ ಲಿಖಿತ ಅರ್ಜಿ ಬೇಕಂತೆ.

ಸಾಹಿತ್ಯದ ಸಭೆಗೆ ಇದನ್ನು ತಂದದ್ದು ಅದಕ್ಕಾಗಿ. ಕನ್ನಡ, ಹಿಂದಿ, ಮಲಯಾಳಂ ಪ್ರತಿಗಳು ಈ ಚೀಲದಲ್ಲಿವೆ. ಅರಬ್ಬಿಯಲ್ಲಿ ಚೆನ್ನಾಗಿ ಬರೆಯಬಲ್ಲವರು ಯಾರಾದರೂ ಇದ್ದರೆ ಚಹಾದ ಬಿಡುವಿನಲ್ಲಿ ನನ್ನನ್ನು ಕಾಣಿ.