ಸೇವೆಯೂ ಸಂಬಳವೂ

(ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಕನ್ನಡ ಕಾರ್ಮಿಕರ ಮುಂದೆ ಮಾಡಿದ ಭಾಷಣ)



2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ಈ ಊರಿಗೆ ಬಡಿಯಿತು. ಮರಗಳುರುಳಿದವು, ದೀಪಗಳಾರಿದವು. ಆಗ ಕರೆಯದೆಯೇ ಜನರು ನೆರವಿಗೆ ಬಂದರು. ಅಂಥ ಹುರುಪು ದೊಡ್ಡದು. ಆದರೆ ಅದು ಕೆಲವು ದಿನಗಳದು. ಇದೇ ದ್ವಾರಕಾ ನಗರದ ಸಾರ್ವಜನಿಕ ಗ್ರಂಥಾಲಯದಂಥ ಸಂಸ್ಥೆಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯಬೇಕಾದರೆ ಸಂಬಳದ ನೌಕರರೂ ಬೇಕು.

ಎಷ್ಟೋ ಸಂಘಗಳು ಎಡವುವುದು ಇಲ್ಲಿಯೇ. “ಧರ್ಮದ ಕೆಲಸವಲ್ಲವೇ, ಸ್ವಲ್ಪ ತಡೆದುಕೊಳ್ಳಿ” ಎಂದು ಜವಾನನ ಸಂಬಳವನ್ನು ಮುಂದೂಡುತ್ತವೆ. ಹೋಟೆಲಿನ ಧಣಿ ಈ ಮಾತನ್ನಾಡಿದರೆ ನಾವು ಸುಮ್ಮನಿರುತ್ತೇವೆಯೇ? ಸೇವೆಯೆಂಬುದು ತಾನಾಗಿ ಕೊಡುವ ವಸ್ತು. ಇನ್ನೊಬ್ಬನ ಹೊಟ್ಟೆಯಿಂದ ಕಿತ್ತುಕೊಳ್ಳುವುದಲ್ಲ.

ಸ್ವಯಂಸೇವಕನ ಮಾತು ಬೇರೆ. ಅವನಿಗೆ ಗೊತ್ತಾದ ಒಂದು ಕೆಲಸ, ಗೊತ್ತಾದ ಒಂದು ದಿನ ಇರಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹುಡುಗರ ದುಡಿಮೆ ಮುಗಿದ ಮೇಲೆ ಪಾಠವಿಟ್ಟವು. ಹಾಗೆಯೇ ನಾವೂ ಅವನ ಪಾಳಿ ನೋಡಿ ಕೆಲಸ ಹಂಚಬೇಕು. ಕೈಯಿಂದ ಹಾಕಿದ ಬಸ್ ಚಾರ್ಜನ್ನು ಅಂದೇ ಕೊಡಬೇಕು. ಬಾರದಿದ್ದರೆ ಗದರುವ ಮೊದಲು ಕಾರಣ ಕೇಳಬೇಕು. ಅವನನ್ನು ತೋರಿಸಿ ನೌಕರನನ್ನು ತೆಗೆಯಕೂಡದು.

ಬಂಧುಗಳೇ, ಮೊದಲು ಸಂಬಳದ ಪುಸ್ತಕ ಸರಿಯಾಗಲಿ. ವಾರ್ಷಿಕೋತ್ಸವದ ಚಪ್ಪರ ಆಮೇಲೆ ಹಾಕೋಣ.