ಮಣೆ ಒಂದೇ, ನೋಟ ಯಾವ ಕಡೆಯಿಂದ?



ಚಿಕ್ಕಂದಿನಲ್ಲಿ ನಾನೂ ನನ್ನ ಅಣ್ಣನೂ ಜಗಲಿಯ ಮೇಲೆ ಸೀಮೆಸುಣ್ಣದಿಂದ ಮಣೆ ಬರೆದು ಆಡು-ಹುಲಿ ಆಡುತ್ತಿದ್ದೆವು. ಮೂರು ಹುಲಿ, ಹದಿನೈದು ಆಡು. ಹುಲಿಗಳನ್ನು ಚೆನ್ನಾಗಿ ಕಟ್ಟಿಹಾಕಿದ ಆಟವನ್ನು ಇಬ್ಬರೂ ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಆಮೇಲೆ ಓದಿದರೆ ಜಗಳ! ಅವನು ತ್ರಿಕೋನದ ತುದಿಯ ಕಡೆ ಕೂರುತ್ತಿದ್ದ, ನಾನು ಬುಡದ ಕಡೆ. ಅವನ 'ಮೇಲಿನ ಸಾಲು' ನನಗೆ ಕೆಳಗಿನದು. ಅವನ ಪುಸ್ತಕ ನೋಡಿ ಆಡಿದಾಗಲೆಲ್ಲ ನನ್ನ ಆಡುಗಳು ಹುಲಿಯ ಬಾಯಿಗೆ ಹೋದವು.

ಇದು ಹುಡುಗರ ಪಾಡು ಮಾತ್ರವಲ್ಲ. ಹಳೆಯ ಇಂಗ್ಲಿಷ್ ಚದುರಂಗ ಪುಸ್ತಕಗಳಲ್ಲಿ ಇಬ್ಬರೂ ಆಟಗಾರರು ತಮ್ಮ ತಮ್ಮ ಕಡೆಯಿಂದಲೇ ಮನೆ ಎಣಿಸುತ್ತಿದ್ದರು. ಬಿಳಿಯ ಕಾಯಿಯವನಿಗೆ ರಾಜನ ಸಾಲಿನ 4ನೆಯ ಮನೆಯಾದದ್ದು ಕಪ್ಪು ಕಾಯಿಯವನಿಗೆ 5ನೆಯದು. ಅಲೆಪ್ಪೊ ಊರಿನ ಫಿಲಿಪ್ ಸ್ಟಮ್ಮಾ 1737ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಮನೆಗೊಂದೇ ಹೆಸರಿಟ್ಟಿದ್ದ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವು ಆ ಪದ್ಧತಿಯೊಂದನ್ನೇ ಮಾನ್ಯ ಮಾಡಿದ್ದು 1981ರಿಂದ. ಈಗ ಬಿಳಿಯವನ ಎಡಗೈ ಮೂಲೆ, ಅಂದರೆ ಕಪ್ಪು ಮನೆಯೇ 'ಎ 1'. ಚಿತ್ರದಲ್ಲಿ ಬಿಳಿ ಯಾವಾಗಲೂ ಕೆಳಗೆ.

ಆದರೆ ದಿಕ್ಕು ಗೊತ್ತುಮಾಡುವ ಮೊದಲು, ಮಣೆಯನ್ನು ಹೇಗೆ ತಿರುಗಿಸಿದರೆ ಆಟ ಬದಲಾಗುವುದಿಲ್ಲ ಎಂಬುದನ್ನು ನೋಡಬೇಕು. ಪದಾತಿಗಳಿಲ್ಲದ ಚದುರಂಗದ ಅಂತ್ಯದಾಟಗಳನ್ನು ಕಂಪ್ಯೂಟರಿನಿಂದ ಪೂರ್ತಿ ಲೆಕ್ಕ ಹಾಕುವವರು ಒಬ್ಬ ರಾಜನನ್ನು 64 ಮನೆಗಳಲ್ಲೂ ಇಟ್ಟು ನೋಡುವುದಿಲ್ಲ. ಮಣೆಯನ್ನು ತಿರುಗಿಸಿ, ಮಗುಚಿ, ಆ ರಾಜ ಮೂಲೆಯ ತ್ರಿಕೋನದ 10 ಮನೆಗಳಲ್ಲೇ ಇರುವಂತೆ ಮಾಡಿಕೊಳ್ಳುತ್ತಾರೆ. ಎಷ್ಟು ಶ್ರಮ ಉಳಿಯಿತು, ನೋಡಿ! ಒಂದು ಪದಾತಿ ಬಂತೋ, ಅದು ಮುಂದಕ್ಕೆ ಮಾತ್ರ ನಡೆಯುವುದರಿಂದ ಎಡಬಲದ ಕನ್ನಡಿಯಷ್ಟೇ ಉಳಿಯುತ್ತದೆ. 32 ಮನೆ ನೋಡಬೇಕು. ಕೋಟೆ ಕಟ್ಟುವ ಹಕ್ಕು ಉಳಿದಿದ್ದರೆ ಅದೂ ಇಲ್ಲ.

ಜಪಾನಿನವರು ಬಹಳವಾಗಿ ಆಡುವ 'ಗೋ' ಆಟದ ಮಣೆಯಲ್ಲಿ 361 ಬಿಂದುಗಳಿವೆ. ನಿಜವಾಗಿ ಬೇರೆಬೇರೆ ಎನ್ನಬಹುದಾದ ಮೊದಲ ನಡೆಗಳು 55 ಮಾತ್ರ. ಮೂಲೆಯಲ್ಲಿ ಆಡುವ ಮೊದಲ ಕಲ್ಲನ್ನು ತನ್ನ ಬಲಗಡೆಯ ಮೇಲ್ಮೂಲೆಯಲ್ಲಿ ಇಡುವುದು ಅಲ್ಲಿಯ ಸಂಪ್ರದಾಯ. ಅದನ್ನು ಬರಿಯ ಮರ್ಯಾದೆ ಎಂದುಕೊಂಡಿದ್ದೆ. ಬರೆದಿಟ್ಟ ಆಟಗಳನ್ನು ಹೋಲಿಸುವವನಿಗೆ ಅದೊಂದು ದೊಡ್ಡ ಉಪಕಾರ.

ನಮ್ಮ ಆಡು-ಹುಲಿಗೆ ಹೀಗೆ ಮಾಡಬಹುದು. ತ್ರಿಕೋನದ ತುದಿ ಯಾವಾಗಲೂ ಮೇಲಿರಲಿ, ಇದು ಕಡ್ಡಾಯ. ಎಡಬಲ ಮಾತ್ರ ಸಮ. ಹುಲಿಗಳನ್ನು ಎಡಬಲ ಸಮನಾಗಿ ಇಟ್ಟು ಆರಂಭಿಸಿದ್ದರೆ, ಮೊದಲ ಆಡನ್ನು ಎಡಭಾಗದಲ್ಲಿದ್ದಂತೆಯೇ ಬರೆಯಿರಿ. ಬಲಕ್ಕೆ ಇಟ್ಟಿದ್ದರೆ ಇಡೀ ಆಟವನ್ನು ಕನ್ನಡಿಯಲ್ಲಿ ಕಂಡಂತೆ ಬರೆಯಿರಿ. 23 ಸ್ಥಾನಗಳಲ್ಲಿ ತುದಿಯನ್ನು ಬಿಟ್ಟರೆ 22, ನೋಡಬೇಕಾದದ್ದು 11.

ಅಣ್ಣನ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಈ ಲೆಕ್ಕದಲ್ಲಿ ತಿರುಗಿಸಿ ಓದಿದಾಗ, ನಾವು ಕಚ್ಚಾಡಿದ ಆಟಗಳಲ್ಲಿ ಹೆಚ್ಚಿನವು ನನ್ನ ಪುಸ್ತಕದಲ್ಲಿಯೂ ಇದ್ದವು.