ಜ್ವರದ ದಿನಗಳ ಸಂಬಳ



2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನ ಹವಾಮಾನ ವೀಕ್ಷಣಾಲಯದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ನೀರು ಇಳಿದ ಮೇಲೆ ಶಹರದಲ್ಲಿ ಇಲಿಜ್ವರ ಕಾಣಿಸಿಕೊಂಡಿತು. ಅಂಥ ಮಳೆ ಮತ್ತೆ ಬರದಿದ್ದರೂ ಮಲೇರಿಯಾ, ಡೆಂಗಿ ಮಾತ್ರ ಯಾವ ಮಳೆಗಾಲವನ್ನೂ ತಪ್ಪಿಸುವುದಿಲ್ಲ. ಸಾಂತಾಕ್ರೂಜ್‌ನ ವಾಕೋಲಾದ ಚಾಳಿನಲ್ಲಿ ಜ್ವರದಿಂದ ಮಲಗಿದ ಹೊಟೇಲ್ ಸಪ್ಲೈಯರ್ ಮೊದಲು ಹಾಕುವ ಲೆಕ್ಕ ಒಂದೇ: ಎಷ್ಟು ದಿನ ಖಾಡಾ, ಅಂದರೆ ಗೈರುಹಾಜರಿ, ಬೀಳುತ್ತದೆ, ಊರಿಗೆ ಕಳಿಸುವ ಹಣದಲ್ಲಿ ಎಷ್ಟು ಕಡಿಮೆಯಾಗುತ್ತದೆ? ಆ ಲೆಕ್ಕಕ್ಕೆ ಕಾನೂನು ಏನನ್ನು ಸೇರಿಸುತ್ತದೆ ಎಂಬುದನ್ನು ಇಂದು ನೋಡೋಣ.

ಮುಂಬಯಿಯ ಅಂಗಡಿ, ಹೊಟೇಲು, ಖಾಸಗಿ ಕಚೇರಿಗಳಿಗೆ ಅನ್ವಯಿಸುವುದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಅದರಲ್ಲಿ ‘ಕಾಯಿಲೆ ರಜೆ’ ಎಂಬ ಪ್ರತ್ಯೇಕ ಬಾಬತ್ತೇ ಇಲ್ಲ. ಇರುವುದು ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ, 8 ದಿನ ಹಬ್ಬದ ರಜೆ, ಮತ್ತು ವರ್ಷದಲ್ಲಿ 240 ದಿನ ದುಡಿದವರಿಗೆ 20 ದಿನಕ್ಕೆ ಒಂದರಂತೆ ಗಳಿಕೆ ರಜೆ. ಎಲ್ಲವೂ ಸಂಬಳ ಸಹಿತ. ಗಳಿಕೆ ರಜೆಯನ್ನು 45 ದಿನಗಳವರೆಗೆ ಕೂಡಿಡಬಹುದು. ಸಾಂದರ್ಭಿಕ ರಜೆ ಮೂರು ತಿಂಗಳಿಗೊಮ್ಮೆ ಖಾತೆಗೆ ಸೇರುತ್ತದೆ, ಬಳಸದಿದ್ದರೆ ವರ್ಷದ ಕೊನೆಗೆ ಹೋಗಿಬಿಡುತ್ತದೆ. ಅಂದರೆ ಜನವರಿಯಲ್ಲಿ ತಂಗಿಯ ಮದುವೆಗೆಂದು ಊರಿಗೆ ಹೋಗಿ ಬಂದವನು ಜುಲೈಯ ಜ್ವರಕ್ಕೂ ಅದೇ ಗಂಟಿನಿಂದ ತೆಗೆಯಬೇಕು. ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿನ 1961ರ ಕಾಯ್ದೆ ಕಾಯಿಲೆ, ಅಪಘಾತ ಅಥವಾ ಬೇರೆ ನ್ಯಾಯವಾದ ಕಾರಣಕ್ಕೆಂದೇ ವರ್ಷಕ್ಕೆ 12 ದಿನಗಳವರೆಗೆ ಸಂಬಳದ ರಜೆಯನ್ನು ಬೇರೆಯಾಗಿ ಇಟ್ಟಿದೆ.

ಹಾಗಾದರೆ ಮುಂಬಯಿಯಲ್ಲಿ ಜ್ವರ ಟೈಫಾಯ್ಡಿಗೆ ತಿರುಗಿ 20 ದಿನ ಹಾಸಿಗೆ ಹಿಡಿದವನ ಗತಿಯೇನು? ಇಲ್ಲಿ ಕೈಹಿಡಿಯುವುದು ಈಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಸಲ್ಲುತ್ತದೆ. 18,000 ರೂಪಾಯಿ ಸಂಬಳದ ಒಬ್ಬರನ್ನು ತೆಗೆದುಕೊಳ್ಳಿ. ಅವರಿಂದ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 135 ಕಡಿತವಾಗುತ್ತದೆ. ಮಾಲೀಕರು ತಮ್ಮ ಪಾಲು ನೂರಕ್ಕೆ ಮೂರೂಕಾಲರಂತೆ 585 ತುಂಬುತ್ತಾರೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ, ಮುಂದೆ ಅದಕ್ಕೆ ಹೊಂದಿದ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಸರಾಸರಿ ದಿನಗೂಲಿಯ ಶೇಕಡಾ 70 ಸಿಗುತ್ತದೆ. ವರ್ಷಕ್ಕೆ 91 ದಿನಗಳವರೆಗೆ ಈ ಅನುಕೂಲವಿದೆ. ಹೊಸದಾಗಿ ಕಾಯಿಲೆ ಬಿದ್ದಾಗ ಮೊದಲ ಎರಡು ದಿನಕ್ಕೆ ಹಣವಿಲ್ಲ. ಉಳಿದ 18 ದಿನಕ್ಕೆ, ದಿನಗೂಲಿ 600 ಎಂದಿಟ್ಟರೆ, 420ರಂತೆ 7,560 ರೂಪಾಯಿ. ಆ ಮೊದಲ ಎರಡು ದಿನಕ್ಕೆ ಸಾಂದರ್ಭಿಕ ರಜೆ ಹಾಕಿಕೊಳ್ಳುವುದು ಜಾಣತನ. ಕ್ಷಯದಂಥ ದೀರ್ಘ ರೋಗಗಳಿಗೆ ಇನ್ನೂ ಹೆಚ್ಚಿನ ದರದಲ್ಲಿ, ಹೆಚ್ಚು ಕಾಲ ಸಹಾಯವಿದೆ. ಈ ಹಣ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಈಎಸ್‌ಐ ವೈದ್ಯರು ಕೊಡುವ ಸರ್ಟಿಫಿಕೇಟ್ ಇಲ್ಲದೆ ಒಂದು ಪೈಸೆಯೂ ಹುಟ್ಟದು.

ದೇಹದ ಕಾಯಿಲೆಯ ಮಾತು ಇಷ್ಟು. ಜೀವಕ್ಕೆ, ಮಾನಕ್ಕೆ ಅಪಾಯವಿದ್ದಾಗ ಕೆಲಸದಿಂದ ದೂರವಿರಲು ರಜೆ ಉಂಟೇ? ಗಂಡನ ಹೊಡೆತದಿಂದ ಪಾರಾಗಲು ಮನೆ ಬದಲಿಸಬೇಕಾದ ಹೆಣ್ಣುಮಗಳಿಗೆ ಫಿಲಿಪ್ಪೀನ್ಸ್ 2004ರಿಂದ, ನ್ಯೂಜಿಲೆಂಡ್ 2019ರಿಂದ 10 ದಿನಗಳವರೆಗೆ ಸಂಬಳದ ರಜೆ ಕೊಡುತ್ತಿವೆ. ನಮ್ಮಲ್ಲಿ ಅಂಥ ರಜೆಗೆ ದಾರಿ ಇರುವುದು ಕೆಲಸದ ಜಾಗದ ಕಿರುಕುಳಕ್ಕೆ ಮಾತ್ರ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 12ನೇ ಕಲಮಿನಂತೆ, ವಿಚಾರಣೆ ನಡೆಯುವಾಗ ದೂರುದಾರಳು ಬರೆದು ಕೇಳಿಕೊಂಡರೆ ಮೂರು ತಿಂಗಳವರೆಗೆ ರಜೆ ಕೊಡಿಸಲು ದೂರು ವಿಚಾರಿಸುವ ಸಮಿತಿ ಶಿಫಾರಸು ಮಾಡಬಹುದು. ಅವಳ ಬೇರೆ ರಜೆಗಳಿಂದ ಅದನ್ನು ಕಳೆಯುವಂತಿಲ್ಲ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಕೆಲಸ ಮಾಡುವವರು, ಮನೆಗೆಲಸದವರು ಸಹ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಂತಾಕ್ರೂಜ್ ಮುಂಬಯಿ ಉಪನಗರ ಜಿಲ್ಲೆಗೆ ಸೇರುತ್ತದೆ; ಅದರ ಜಿಲ್ಲಾಧಿಕಾರಿ ಕಚೇರಿ ಬಾಂದ್ರಾ ಪೂರ್ವದಲ್ಲಿದೆ.

ಇಷ್ಟೆಲ್ಲ ಇದ್ದೂ ದೊಡ್ಡದೊಂದು ಕಂದರ ಉಳಿದಿದೆ. 2017ರ ಕಾಯ್ದೆ ಬಂದಾಗ ಅದರ ರಜೆಗಳು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗಷ್ಟೇ ಎಂದಾಯಿತು. ಆ ಮಿತಿಯನ್ನು 20ಕ್ಕೆ ಏರಿಸಲು ರಾಜ್ಯ ಸಂಪುಟ 2025ರಲ್ಲಿ ತೀರ್ಮಾನಿಸಿತು. ಆರು ಜನರ ಟೀ ಅಂಗಡಿಯ ಕೆಲಸಗಾರ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು, ಇವರಿಗೆ ಜ್ವರದ ರಜೆ ಯಜಮಾನರ ಮನಸ್ಸಿನ ಮೇಲೆ ನಿಂತಿದೆ. ಇಪ್ಪತ್ತು ಜನರ ಹೊಟೇಲಿನಲ್ಲಿ ಇಡ್ಲಿ ಬಡಿಸುವವನ ಜ್ವರಕ್ಕೂ ಆರು ಜನರ ಅಂಗಡಿಯಲ್ಲಿ ಚಹಾ ಸೋಸುವವನ ಜ್ವರಕ್ಕೂ ವೈದ್ಯರು ಭೇದ ಮಾಡುವುದಿಲ್ಲ. ಜ್ವರದಲ್ಲೇ ದುಡಿಯುವ ಕೈಯಿಂದ ತಿಂಡಿ ಪಡೆಯುವ ಗಿರಾಕಿಗೂ ಇದು ತನ್ನದೇ ಆರೋಗ್ಯದ ಪ್ರಶ್ನೆ.

ಕಾನೂನಿನ ಒಳಗಿರುವವರಿಗೂ ಹಕ್ಕು ತಾನಾಗಿ ನಡೆದು ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿರಬೇಕು, ಸಂಬಳದ ಚೀಟಿಯಲ್ಲಿ ಈಎಸ್‌ಐ ಕಡಿತ ಕಾಣಬೇಕು, ನಿಮ್ಮ ವಿಮಾ ಸಂಖ್ಯೆ ನಿಮಗೆ ಗೊತ್ತಿರಬೇಕು. ಇವು ಮೂರನ್ನೂ ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಿ. ಹಾಸಿಗೆ ಹಿಡಿದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವ ತ್ರಾಣ ಯಾರಿಗೂ ಇರುವುದಿಲ್ಲ.